ಒಂದೇ ವಯಸ್ಸಿನ ಇಬ್ಬರು ಹುಡುಗರು, ಬಿಪಿ ಮಾತ್ರ ಬೇರೆ ಬೇರೆ

ಪ್ರಶ್ನೆ: ನನ್ನ ಮಗನಿಗೆ 13 ತುಂಬಿ ನಾಲ್ಕು ತಿಂಗಳಾಯಿತು. ಹೋದ ವರ್ಷ ನನ್ನ ಕಿವಿಯ ತನಕ ಇದ್ದ, ಈಗ ನನ್ನನ್ನೇ ಮೀರಿದ್ದಾನೆ. ದನಿ ಒಡೆದಿದೆ, ಮೀಸೆ ಚಿಗುರಿದೆ, ಮೈ ಕೂಡ ತುಂಬಿದೆ. ಶಾಲೆಯ ತಪಾಸಣೆಯಲ್ಲಿ ಬಿಪಿ 132/78 ಬಂತು. ಅದೇ ತರಗತಿಯಲ್ಲಿರುವ ನಾದಿನಿಯ ಮಗನಿಗೆ 106/64. ಅವನಿನ್ನೂ ಸಣ್ಣ ಹುಡುಗನ ಹಾಗೇ ಇದ್ದಾನೆ. ನಮ್ಮ ಮನೆಯವರಿಗೂ ಬಿಪಿ ಇದೆ. ‘ಬೆಳೆಯೋ ಹುಡುಗ, ತಾನೇ ಸರಿ ಹೋಗ್ತದ ಬಿಡು’ ಅಂತಾರೆ ಅತ್ತೆ. ಮಾತ್ರೆ ಶುರು ಮಾಡಬೇಕಾ?
– ಒಬ್ಬ ತಾಯಿ, ಬೆಟಗೇರಿ

ಉತ್ತರ: ಅಕ್ಕಾ, ಮೊದಲು ಆ ಇಬ್ಬರು ಹುಡುಗರನ್ನು ಹೋಲಿಸುವುದನ್ನು ಬಿಡಿ. ಹುಟ್ಟಿದ ವರ್ಷ ಒಂದೇ ಇರಬಹುದು, ಆದರೆ ಮೈ ಒಂದೇ ಹಂತದಲ್ಲಿಲ್ಲ. ಒಂದೇ ಹೊಲದಲ್ಲಿ ಮೊದಲ ಮಳೆಗೆ ಬಿತ್ತಿದ ಸಾಲು ಮೊಳಕಾಲುದ್ದ ಬಂದಿರುತ್ತದೆ, ತಡವಾಗಿ ಬಿತ್ತಿದ ಸಾಲು ಆಗಷ್ಟೇ ಎಲೆ ಬಿಚ್ಚಿರುತ್ತದೆ, ಅಲ್ವಾ? ಹುಡುಗರಲ್ಲಿ ಮೈನೆರೆಯುವುದು 9ರಿಂದ 14 ವರ್ಷದೊಳಗೆ ಯಾವಾಗ ಶುರುವಾದರೂ ಸರಿಯೇ. ಬೆಳವಣಿಗೆಯ ಓಟ ಜೋರಾಗಿರುವಾಗ ವರ್ಷಕ್ಕೆ 9–10 ಸೆಂ.ಮೀ ಎತ್ತರವಾಗುತ್ತಾರೆ. ಆಗ ಹೃದಯವೂ ದೊಡ್ಡದಾಗುತ್ತದೆ, ಪ್ರತಿ ಬಡಿತಕ್ಕೂ ಜಾಸ್ತಿ ರಕ್ತ ತಳ್ಳುತ್ತದೆ, ಹಾಗಾಗಿ ಬಿಪಿಯ ಮೇಲಿನ ಅಂಕಿ ಏರುತ್ತದೆ. ಬೇಗ ಮೈನೆರೆತ ಹುಡುಗನ ಬಿಪಿ ಅದೇ ವಯಸ್ಸಿನ ಸಣ್ಣ ಮೈಯ ಹುಡುಗನಿಗಿಂತ ಹೆಚ್ಚಿರುವುದು ಸಹಜ.

ಇಲ್ಲಿಯವರೆಗೆ ನಿಮ್ಮ ಅತ್ತೆಯ ಮಾತು ಸರಿ. ಆದರೆ ‘ತಾನೇ ಸರಿ ಹೋಗ್ತದ’ ಅನ್ನುವುದನ್ನು ನಾನು ಒಪ್ಪುವುದಿಲ್ಲ. 13 ವರ್ಷದೊಳಗಿನವರಿಗೆ ವಯಸ್ಸು, ಎತ್ತರ, ಗಂಡೋ ಹೆಣ್ಣೋ ಎಂಬುದನ್ನು ನೋಡಿ ಕೋಷ್ಟಕದಲ್ಲಿ ಬಿಪಿ ಹೋಲಿಸುತ್ತೇವೆ. 13 ತುಂಬಿದ ಮೇಲೆ ದೊಡ್ಡವರ ಅಂಕಿಗಳನ್ನೇ ಬಳಸುತ್ತೇವೆ: 120/80ರ ಒಳಗಿದ್ದರೆ ಸರಿ, ಮೇಲಿನದು 120–129 ಇದ್ದರೆ ಕಣ್ಣಿಡಬೇಕು, 130/80 ಮುಟ್ಟಿದರೆ ಏರಿದ ಬಿಪಿಯ ಮೊದಲ ಹಂತ, 140/90 ಎರಡನೇ ಹಂತ. ನಿಮ್ಮ ಮಗನ 132 ಎತ್ತರದಿಂದ ಬಂದಿದ್ದರೂ ಮೈತೂಕದಿಂದ ಬಂದಿದ್ದರೂ ಅದು 132 ತಾನೇ? ಬೆಳವಣಿಗೆಯ ಕಾರಣ ಹೇಳಿ ಅದನ್ನು ಮರೆತುಬಿಡಬೇಡಿ.

ಹಾಗಂತ ಒಂದೇ ಸಲದ ಅಂಕಿಗೆ ಕಾಯಿಲೆ ಅಂತ ಹೆಸರಿಡಲೂ ಆಗದು. ತಪಾಸಣೆ ದಿನ ಸಾಲಿನಲ್ಲಿ ನಿಂತಿದ್ದನೋ, ಆಟದ ಮೈದಾನದಿಂದ ಓಡಿ ಬಂದಿದ್ದನೋ, ಗೆಳೆಯರು ಪಕ್ಕದಲ್ಲಿ ನಿಂತು ನಗಿಸುತ್ತಿದ್ದರೋ ಯಾರಿಗೆ ಗೊತ್ತು. ಒಂದೆರಡು ವಾರದೊಳಗೆ ಮಕ್ಕಳ ಡಾಕ್ಟರ್ ಹತ್ತಿರ ಮತ್ತೆ ನೋಡಿಸಿ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ, ಐದು ನಿಮಿಷ ಸುಮ್ನೆ ಕೂತ ಮೇಲೆ ಬಲಗೈಯಲ್ಲಿ ನೋಡಬೇಕು. ಬೇರೆ ಬೇರೆ ದಿನ ಮೂರು ಸಲ ನೋಡಿದಾಗಲೂ ಹೆಚ್ಚೇ ಇದ್ದರೆ ಮಾತ್ರ ಅದು ಬಿಪಿ ಕಾಯಿಲೆ. ಆಗ ಮೂತ್ರ ಮತ್ತು ಕಿಡ್ನಿಯ ಪರೀಕ್ಷೆ ಮಾಡಿಸುತ್ತೇವೆ, ಏಕೆಂದರೆ ಮಕ್ಕಳಲ್ಲಿ ಬಿಪಿ ಏರಿದಾಗ ಕೆಲವೊಮ್ಮೆ ಕಾರಣ ಕಿಡ್ನಿಯಲ್ಲಿ ಇರುತ್ತದೆ. ಬೆಳಿಗ್ಗೆ ಮುಖ ಊದುವುದು, ಮೂತ್ರ ಕೆಂಪಾಗುವುದು, ಜೋರು ತಲೆನೋವು, ಕಣ್ಣು ಮಂಜಾಗುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ವಾರ ಕಾಯಬೇಡಿ. ಅಂದೇ ಗದಗಿನ ಜಿಮ್ಸ್ ಆಸ್ಪತ್ರೆಗೋ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೋ ಕರೆದುಕೊಂಡು ಹೋಗಿ.

ಮಾತ್ರೆ ಈಗಲೇ ಬೇಡ. ಮೊದಲ ಹಂತದಲ್ಲಿ ಬೇರೆ ತೊಂದರೆ ಇಲ್ಲದಿದ್ದರೆ ಕೆಲವು ತಿಂಗಳು ಊಟ, ಆಟ, ನಿದ್ದೆ ಸರಿಪಡಿಸಿಯೇ ನೋಡುತ್ತೇವೆ. ತಂದೆಗೆ ಬಿಪಿ ಇರುವುದರಿಂದ ಇದನ್ನು ಇಡೀ ಮನೆಯೇ ಮಾಡಿದರೆ ಒಳ್ಳೆಯದು. ನಮ್ಮ ಜೋಳದ ರೊಟ್ಟಿಯಲ್ಲಿ ಉಪ್ಪು ಇರುವುದೇ ಇಲ್ಲ ಎನ್ನಬಹುದು. ಉಪ್ಪು ಬರುವುದು ಪಕ್ಕದಲ್ಲಿ ಬಡಿಸುವ ರಂಜಕ, ಉಪ್ಪಿನಕಾಯಿ, ಹಪ್ಪಳ ಸಂಡಿಗೆಯಿಂದ, ಮತ್ತೆ ಸಂಜೆಯ ಚಿಪ್ಸ್ ಪ್ಯಾಕೆಟ್ಟಿನಿಂದ. ರೊಟ್ಟಿ ಕಡಿಮೆ ಮಾಡಬೇಡಿ, ಬೆಳೆಯುವ ಹುಡುಗನಿಗೆ ಹಸಿವು ಜಾಸ್ತಿ. ಪಕ್ಕಕ್ಕೆ ಮೊಸರು, ಹಸಿ ಸೌತೆಕಾಯಿ, ಮೆಂತ್ಯೆ ಸೊಪ್ಪು ಇಡಿ. ದಿನಕ್ಕೆ ಒಂದು ಗಂಟೆ ಬೆವರು ಬರುವ ಹಾಗೆ ಆಡಲಿ. ರಾತ್ರಿ ಮೊಬೈಲ್ ನಿಮ್ಮ ಕೋಣೆಯಲ್ಲಿರಲಿ.

ಪ್ರಶ್ನೆ: ನನಗೆ 15 ವರ್ಷ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ಎರಡು ಸಲ ಕಣ್ಣು ಕತ್ತಲೆ ಬಂದು ಬಿದ್ದೆ. ಬಿಪಿ 100/64 ಇತ್ತು. ಎಲ್ಲರೂ ‘ಲೋ ಬಿಪಿ, ಉಪ್ಪು ಜಾಸ್ತಿ ತಿನ್ನು’ ಅಂತಾರೆ. ಮುಟ್ಟು ಶುರುವಾಗಿ ಎರಡು ವರ್ಷ ಆಯಿತು, ಎತ್ತರವೂ ನಿಂತಿದೆ. ಇದಕ್ಕೆಲ್ಲ ಬಿಪಿಯೇ ಕಾರಣವಾ?
– ಹಾವೇರಿಯ ವಿದ್ಯಾರ್ಥಿನಿ

ಉತ್ತರ: ಅಲ್ಲ ತಂಗೀ. 100/64 ನಿನ್ನ ವಯಸ್ಸಿಗೆ ಸರಿಯಾದ ಬಿಪಿ. ಹುಡುಗಿಯರ ಬೆಳವಣಿಗೆಯ ಓಟ ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಬರುತ್ತದೆ, ಮುಟ್ಟು ಶುರುವಾದ ಮೇಲೆ ನಿಧಾನವಾಗುತ್ತದೆ. ಅದಕ್ಕೂ ಬಿಪಿಗೂ ಗಂಟು ಹಾಕಬೇಡ. ಬಿಸಿಲಲ್ಲಿ ಅಲುಗಾಡದೆ ನಿಂತಾಗ ರಕ್ತ ಕಾಲಿನಲ್ಲೇ ಉಳಿದು ತಲೆಗೆ ಕಡಿಮೆಯಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ಬಂದಿದ್ದರಂತೂ ಇನ್ನೂ ಬೇಗ. ಬೆಳಿಗ್ಗೆ ಏನಾದರೂ ತಿಂದು, ನೀರು ಕುಡಿದು ಬಾ. ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿರು. ಕಣ್ಣು ಕತ್ತಲೆ ಬಂದ ಕೂಡಲೇ ನಾಚಿಕೆ ಬಿಟ್ಟು ಕೂತುಬಿಡು, ಬಿದ್ದು ತಲೆಗೆ ಪೆಟ್ಟಾಗುವುದೇ ದೊಡ್ಡ ಅಪಾಯ. ಹಿಮೋಗ್ಲೋಬಿನ್ ಪರೀಕ್ಷೆ ಖಂಡಿತ ಮಾಡಿಸು. 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, ಅದಕ್ಕೆ ಮದ್ದು ಕಬ್ಬಿಣಾಂಶದ ಮಾತ್ರೆಯೇ ಹೊರತು ಉಪ್ಪಲ್ಲ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳು. ಓಡುವಾಗ ಎಚ್ಚರ ತಪ್ಪಿದರೆ ಮಾತ್ರ ತಡಮಾಡದೆ ಇಸಿಜಿ ಮಾಡಿಸಬೇಕು.

ಪ್ರಶ್ನೆ: ಮನೆಯಲ್ಲಿರುವ ಬಿಪಿ ಮಷಿನ್‌ನಲ್ಲಿ 10 ವರ್ಷದ ಮೊಮ್ಮಗನಿಗೂ ನೋಡಬಹುದೇ?
– ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಸರ್, ತೋಳಿಗೆ ಸುತ್ತುವ ಪಟ್ಟಿಯ ಮೇಲೆ ಬರೆದಿರುವ ಅಳತೆ ನೋಡಿ. ಸಾಮಾನ್ಯವಾಗಿ ಅದು 22ರಿಂದ 32 ಸೆಂ.ಮೀ ಸುತ್ತಳತೆಯ ತೋಳಿಗೆ ಮಾಡಿದ್ದು. ಸಣ್ಣ ತೋಳಿಗೆ ದೊಡ್ಡ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಜಾಸ್ತಿ. ಹೊಲಿಗೆ ಟೇಪಿನಿಂದ ಅವನ ತೋಳನ್ನು ನಡುಮಧ್ಯದಲ್ಲಿ ಅಳೆದುಕೊಳ್ಳಿ. ಹೊಂದದಿದ್ದರೆ ಮಕ್ಕಳ ಪಟ್ಟಿ ಇರುವ ಆಸ್ಪತ್ರೆಯಲ್ಲೇ ನೋಡಿಸಿ, ಹೋಗುವಾಗ ಅವನ ಎತ್ತರವನ್ನೂ ಬರೆದುಕೊಂಡು ಹೋಗಿ.