ಚೌಕಿಯ ಒಳಗೆ: ನಿಮ್ಮ ಪ್ರಶ್ನೆ, ವೇಷ ಕಟ್ಟುವವರ ಉತ್ತರ

ಚೌಕಿ ಅಂದರೆ ಯಕ್ಷಗಾನದವರು ಬಣ್ಣ ಹಚ್ಚಿ ವೇಷ ಕಟ್ಟಿಕೊಳ್ಳುವ ಜಾಗ. ಈ ಸಲ ಉತ್ತರ ಕೊಟ್ಟವರು ಕಾಸರಗೋಡು ಜಿಲ್ಲೆಯ ನೀರ್ಚಾಲಿನ ನೇಪಥ್ಯ ಕಲಾವಿದೆ. ಊರಿನ ಹವ್ಯಾಸಿ ಯಕ್ಷಗಾನ ಸಂಘಗಳಿಗೆ, ಶಾಲೆಯ ತಂಡಗಳಿಗೆ ಬಣ್ಣ ಹಾಕಿ ವೇಷ ಕಟ್ಟುವುದು ಇವರ ಕೆಲಸ. ತಂದೆಯೂ ಮೇಳದಲ್ಲಿ ಇದೇ ಕೆಲಸ ಮಾಡಿದವರು.

ಪ್ರಶ್ನೆ: ನಮ್ಮ ಸಂಘದಿಂದ ‘ಪಂಚವಟಿ’ ಆಟ ಇಟ್ಟುಕೊಂಡಿದ್ದೇವೆ. ಕಾಲಮಿತಿ (ರಾತ್ರಿಯಿಡೀ ನಡೆಯದ ಆಟ), ಸಂಜೆ ಆರೂವರೆಗೆ ಶುರು. ಶೂರ್ಪನಖಿ ಮಾಡುವವರು ಮಧ್ಯಾಹ್ನ ಊಟ ಮುಗಿಸಿ ನೇರ ಚೌಕಿಗೆ ಬರಬೇಕು ಅಂತ ವೇಷ ಕಟ್ಟುವವರು ಹೇಳುತ್ತಿದ್ದಾರೆ. ಅಷ್ಟು ಬೇಗ ಯಾಕೆ? ಮುಖಕ್ಕೆ ಬಿಳಿ ಬಣ್ಣದಲ್ಲಿ ಚುಕ್ಕೆ ಇಟ್ಟರೆ ಸಾಲದೇ?
– ಸಂಘದ ಕಾರ್ಯದರ್ಶಿ, ಮಂಜೇಶ್ವರ

ಉತ್ತರ: ಸಾಲದು. ನಿಮ್ಮ ವೇಷ ಕಟ್ಟುವವರು ಹೇಳಿದ್ದು ಸರಿ. ಅವರ ಮಾತು ದಯವಿಟ್ಟು ಕೇಳಿ.

ಶೂರ್ಪನಖಿ ಹೆಣ್ಣುಬಣ್ಣ, ಅಂದರೆ ರಾಕ್ಷಸಿಯ ಬಣ್ಣದ ವೇಷ. ನಮ್ಮ ತೆಂಕುತಿಟ್ಟಿನಲ್ಲಿ (ಯಕ್ಷಗಾನದ ತೆಂಕಣ ಶೈಲಿಯಲ್ಲಿ) ಬಣ್ಣದ ವೇಷ ಅಂದರೆ ಚಿಟ್ಟಿ, ಅಂದರೆ ಮುಖದ ಮೇಲೆ ಹಿಟ್ಟಿನ ಉಬ್ಬು ಚುಕ್ಕೆ, ಇಡಲೇಬೇಕು. ಬೆಳ್ತಿಗೆ ಅಕ್ಕಿ ನೆನೆಹಾಕಿ, ನುಣ್ಣಗೆ ಅರೆದು, ಸುಣ್ಣ ಸೇರಿಸಿ ಹಿಟ್ಟು ಮಾಡುತ್ತೇವೆ. ಅದು ಹರಿಯಬಾರದು, ಗಟ್ಟಿಯೂ ಆಗಬಾರದು. ಸುಣ್ಣ ಕಮ್ಮಿಯಾದರೆ ಹಿಟ್ಟು ಹಿಡಿಯುವುದಿಲ್ಲ. ಜಾಸ್ತಿಯಾದರೆ ಚರ್ಮ ಸುಡುತ್ತದೆ. ಮೊದಲು ಮುಖಕ್ಕೆ ಬಣ್ಣ ಬರೆದು ಮುಗಿಸಬೇಕು. ಆಮೇಲೆ ಸಪೂರ ಕಡ್ಡಿಯ ತುದಿಯಲ್ಲಿ ಹಿಟ್ಟು ತೆಗೆದು ಒಂದೊಂದೇ ಚಿಟ್ಟಿ ಇಡುತ್ತಾ ಹೋಗಬೇಕು. ಒಂದು ಸಾಲು ಒಣಗದೆ ಅದರ ಮೇಲೆ ಇನ್ನೊಂದು ನಿಲ್ಲುವುದಿಲ್ಲ. ಸಮಯ ಹೋಗುವುದು ಇಲ್ಲೇ. ಮೂರು ಗಂಟೆ ಬೇಕು, ಕೆಲವು ವೇಷಕ್ಕೆ ಅದಕ್ಕಿಂತಲೂ ಜಾಸ್ತಿ. ಅಷ್ಟು ಹೊತ್ತು ವೇಷದವರು ನಗಬಾರದು, ಮಾತು ಕಮ್ಮಿ ಮಾಡಬೇಕು, ನೀರು ಬೇಕಾದರೆ ನಳಿಗೆಯಲ್ಲಿ ಕುಡಿಯಬೇಕು.

ಬಿಳಿ ಬಣ್ಣದ ಚುಕ್ಕೆ ಹತ್ತಿರದಿಂದ ನೋಡಲು ಚಂದವೇ. ಆದರೆ ಅದು ಚಪ್ಪಟೆ. ಚಿಟ್ಟಿ ಎದ್ದು ನಿಂತಿರುತ್ತದೆ. ಬೆಳಕು ಬಿದ್ದಾಗ ಒಂದೊಂದು ಚಿಟ್ಟಿಗೂ ನೆರಳಿರುತ್ತದೆ. ತೆರೆಯ ಹಿಂದಿನಿಂದ ಮುಖ ಮೇಲೆ ಬಂದು, ದೊಂದಿಗೆ (ಪಂಜಿಗೆ) ರಾಳದ ಪುಡಿ ಎಸೆದು ಬೆಂಕಿ ಭಗ್ಗೆಂದಾಗ ಆ ನೆರಳೆಲ್ಲ ಅಲುಗಾಡುತ್ತದೆ. ಗದ್ದೆಯ ಕೊನೆಯಲ್ಲಿ ಕೂತ ಮಕ್ಕಳು ಅಮ್ಮನ ಸೆರಗು ಹಿಡಿಯುವುದು ಅದಕ್ಕೇ. ಬರೆದ ಚುಕ್ಕೆಯಿಂದ ಅದು ಆಗುವುದಿಲ್ಲ. ಪಂಚವಟಿ ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನಲ್ಲಿ ನಡೆದು ಬಂದ ಪ್ರಸಂಗ, ನಮ್ಮ ಮನೆ ಹಿತ್ತಿಲಲ್ಲೇ ಹುಟ್ಟಿದ್ದು. ನಾವೇ ಅದನ್ನು ಅರ್ಧಂಬರ್ಧ ಮಾಡಿದರೆ ಬೇರೆ ಯಾರು ಸರಿಯಾಗಿ ಮಾಡಬೇಕು?

ಮೇಳದ ಬಣ್ಣದ ವೇಷಧಾರಿಗಳು ಕೈಯಲ್ಲಿ ಕನ್ನಡಿ ಹಿಡಿದು ತಮ್ಮ ಚಿಟ್ಟಿ ತಾವೇ ಇಟ್ಟುಕೊಳ್ಳುತ್ತಾರೆ. ಹವ್ಯಾಸಿಗಳಿಗೆ ನಾವು ಇಡುತ್ತೇವೆ. ಹಾಗಾಗಿ ನಮ್ಮ ಎರಡು ಕೈ ಮಧ್ಯಾಹ್ನದಿಂದ ಅಲ್ಲೇ ಕಟ್ಟಿಹೋಗುತ್ತದೆ. ರಾಮ ಲಕ್ಷ್ಮಣರಿಗೆ ಬಣ್ಣ ಹಾಕಲು ಇನ್ನೊಬ್ಬರು ಬೇಕು. ಮೈಕು, ಲೈಟಿಗೆ ಹಣ ತೆಗೆದಿಡುವಾಗಲೇ ಅವರ ಸಂಬಳವನ್ನೂ ತೆಗೆದಿಡಿ.

ಇನ್ನೊಂದು ಮಾತು. ರಾಳದ ಪುಡಿಯ ಡಬ್ಬಿ ಚೌಕಿಯೊಳಗೆ ಬೇಡ. ಅಲ್ಲಿ ತೆಂಗಿನೆಣ್ಣೆ, ಹತ್ತಿ, ಬಟ್ಟೆ ಎಲ್ಲಾ ಒಟ್ಟಿಗೆ ಇರುತ್ತದೆ. ದೊಂದಿ ಹಿಡಿಯುವವರ ಹತ್ತಿರ ಒಂದು ಒದ್ದೆ ಗೋಣಿ, ಒಂದು ಬಾಲ್ದಿ ನೀರು ಇರಲಿ.

ಪ್ರಶ್ನೆ: ಮಗ ಎಂಟನೇ ತರಗತಿ. ಶಾಲಾ ಕಲೋತ್ಸವದಲ್ಲಿ ಅಭಿಮನ್ಯು ಮಾಡಿದ. ಕಿರೀಟ ಕಟ್ಟಿ ತುಂಬ ಹೊತ್ತು ಕಾದು ಕೂತು, ರಂಗಕ್ಕೆ ಹೋಗುವ ಮೊದಲೇ ತಲೆ ಸುತ್ತಿ ವಾಂತಿ ಮಾಡಿಕೊಂಡ. ಮುಂದಿನ ವರ್ಷವೂ ಮಾಡುತ್ತೇನೆ ಅನ್ನುತ್ತಾನೆ. ಕಳಿಸಲೇ, ಬೇಡವೇ?
– ಒಬ್ಬ ತಾಯಿ, ಬದಿಯಡ್ಕ

ಉತ್ತರ: ಅಕ್ಕ, ಖಂಡಿತ ಕಳಿಸಿ. ವಾಂತಿ ಮಾಡಿಕೊಂಡ ಮೇಲೂ ಮಾಡುತ್ತೇನೆ ಅನ್ನುವ ಹುಡುಗನಲ್ಲಿ ಆಟ ಉಂಟು.

ತಲೆ ಸುತ್ತಿದ್ದು ಯಾಕೆ ಅಂತ ಹೇಳುತ್ತೇನೆ. ಕಿರೀಟ ಟೋಪಿಯ ಹಾಗೆ ಇಟ್ಟುಬಿಡುವುದಲ್ಲ. ತಲೆಗೆ ಮೊದಲು ಬಟ್ಟೆ ಸುತ್ತಿ ಅಟ್ಟೆ ಕಟ್ಟಿ, ಅದರ ಮೇಲೆ ಕಿರೀಟ ಕೂರಿಸಿ, ಎಳೆದು ಬಿಗಿಯುತ್ತೇವೆ. ದಿಗಿಣ ಹೊಡೆಯುವಾಗ, ಅಂದರೆ ಹಾರಿ ತಿರುಗುವಾಗ, ಅಲುಗಬಾರದಲ್ವಾ? ಆ ಬಿಗಿಯಲ್ಲಿ ಹಣೆಯ ನರ ಒತ್ತುತ್ತದೆ. ಕುಣಿಯುವಾಗ ಅದು ಗೊತ್ತಾಗುವುದಿಲ್ಲ, ಮನಸ್ಸು ಪದ್ಯದಲ್ಲಿರುತ್ತದೆ. ಸುಮ್ನೆ ಕೂತರೆ ಮಾತ್ರ ನಿಮಿಷ ನಿಮಿಷಕ್ಕೂ ಗೊತ್ತಾಗುತ್ತದೆ. ಮೇಲೆ ದಗಲೆ, ಎದೆಪದಕ, ಭುಜಕೀರ್ತಿ, ಸೊಂಟಕ್ಕೆ ಡಾಬು. ಬೆವರು ಇಳಿಯುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ.

ಕಲೋತ್ಸವದಲ್ಲಿ ಸಮಯ ಹೇಳಿದ ಹಾಗೆ ನಡೆಯುವುದು ಕಷ್ಟ. ತಂಡದ ಮೇಲೆ ತಂಡ, ಮಧ್ಯೆ ತಕರಾರು, ಅಪೀಲು. ಅದಕ್ಕೆ ನಾನು ಮಕ್ಕಳಿಗೆ ಮುಖ ಬರೆದು, ಚಲ್ಲಣ, ದಗಲೆ, ಗೆಜ್ಜೆವರೆಗೆ ಕಟ್ಟಿ ನಿಲ್ಲಿಸುತ್ತೇನೆ. ನಮಗಿಂತ ಮೊದಲಿನ ತಂಡ ರಂಗ ಹತ್ತಿದ ಮೇಲೆಯೇ ಅಟ್ಟೆ, ಕಿರೀಟ. ಮಾಷ್ಟ್ರುಗಳು ಅವಸರ ಮಾಡುತ್ತಾರೆ, ಎಲ್ಲರೂ ಪೂರ್ತಿ ವೇಷದಲ್ಲಿ ಇದ್ದರೆ ಫೋಟೋ ಚಂದ ಬರುತ್ತದೆ ಅಂತ. ಫೋಟೋ ಆಟ ಮುಗಿದ ಮೇಲೆ ತೆಗೆಯಬಹುದು. ನೀವು ತಾಯಿ, ಇದನ್ನು ಕೇಳುವ ಹಕ್ಕು ನಿಮಗೆ ಉಂಟು.

ಆ ದಿನ ಬೆಳಗ್ಗೆ ಗಂಜಿ ಉಣ್ಣಿಸಿ. ಎಣ್ಣೆ ತಿಂಡಿ, ಕೋಲ್ಡ್ ಡ್ರಿಂಕ್ಸ್ ಬೇಡ. ಕಚ್ಚೆ ಕಟ್ಟುವ ಮೊದಲು ಮೂತ್ರಕ್ಕೆ ಹೋಗಿ ಬರಲಿ. ಕಟ್ಟಿದ ಮೇಲೆ ಬಿಚ್ಚಲಾಗುವುದಿಲ್ಲ ಅಂತ ಹೆದರಿ ಮಕ್ಕಳು ನೀರೇ ಕುಡಿಯುವುದಿಲ್ಲ. ತಲೆ ಸುತ್ತಲು ಅದೂ ಕಾರಣ. ಹಣೆ ನೋಯುತ್ತದೆ ಅಂದರೆ ‘ತಡೆದುಕೋ’ ಅನ್ನಬೇಡಿ. ಕಟ್ಟಿದವರನ್ನು ಕರೆಯಿರಿ. ಅಟ್ಟೆಯ ಒಂದು ಸುತ್ತು ಸಡಿಲಿಸಿ ಮತ್ತೆ ಬಿಗಿಯಲು ಎಷ್ಟು ಹೊತ್ತು ಬೇಕು?

2019ರಲ್ಲಿ ರಾಜ್ಯ ಕಲೋತ್ಸವ ನಮ್ಮ ಜಿಲ್ಲೆಯ ಕಾಞಂಗಾಡಿಗೇ ಬಂದಿತ್ತು. ಕೇರಳದ ಕಲೋತ್ಸವದಲ್ಲಿ ಯಕ್ಷಗಾನಕ್ಕೆ ಒಂದು ಜಾಗ ಇರುವುದು ನಮ್ಮ ಕನ್ನಡ ಶಾಲೆಯ ಮಕ್ಕಳಿಗೆ ಸಣ್ಣ ವಿಷಯ ಅಲ್ಲ. ಆ ಜಾಗದಲ್ಲಿ ಮಕ್ಕಳು ಖುಷಿಯಿಂದ ಕುಣಿಯಬೇಕು, ನರಳಿಕೊಂಡು ಅಲ್ಲ.

ಪ್ರಶ್ನೆ: ನಾನು ನೀಲೇಶ್ವರದವಳು, ಮನೆಮಾತು ಮಲಯಾಳ. ಕಥಕಳಿ ನೋಡಿ ಬೆಳೆದವಳು. ಮದುವೆಯಾಗಿ ಈಚೆ ಬಂದ ಮೇಲೆ ಯಕ್ಷಗಾನದ ಬಣ್ಣದ ವೇಷ ನೋಡಿದೆ. ಎರಡೂ ಒಂದೇ ಅನಿಸಿತು. ಹೌದೇ?
– ಓದುಗರು, ಕುಂಬಳೆ

ಉತ್ತರ: ನೆಂಟಸ್ತಿಕೆ ಉಂಟು, ಒಂದೇ ಅಲ್ಲ. ಭುಜಕೀರ್ತಿ, ಕಿರೀಟದ ಅಚ್ಚು, ತೆರೆ ಹಿಡಿದು ಮುಖ ತೋರಿಸುವ ಕ್ರಮ ಎಲ್ಲದರಲ್ಲೂ ಹೋಲಿಕೆ ಕಾಣುತ್ತದೆ. ಅಕ್ಕಪಕ್ಕದ ಊರು, ಕಲಿತವರೂ ನೋಡಿದವರೂ ಆಚೀಚೆ ಓಡಾಡಿದವರೇ. ಆದರೆ ಕಥಕಳಿಯ ಅಣಿಯರೆಯಲ್ಲಿ, ಅಂದರೆ ಅವರ ಚೌಕಿಯಲ್ಲಿ, ಮುಖದ ಅಂಚಿಗೆ ಚುಟ್ಟಿ ಇಡಿಸಿಕೊಳ್ಳುವವರು ಚಾಪೆಯಲ್ಲಿ ಮಲಗಿರುತ್ತಾರೆ, ಇಡುವ ಕಲಾವಿದರೇ ಬೇರೆ. ನಮ್ಮ ಚೌಕಿಯಲ್ಲಿ ಕೂತೇ ಇಡುವುದು.

ದೊಡ್ಡ ವ್ಯತ್ಯಾಸ ಬಾಯಿಯದ್ದು. ಕಥಕಳಿಯ ವೇಷ ಮಾತಾಡುವುದಿಲ್ಲ. ನಮ್ಮ ರಾವಣ ಅರ್ಧ ಗಂಟೆ ಅರ್ಥ (ಪದ್ಯದ ಮೇಲಿನ ಮಾತು) ಹೇಳಬೇಕು, ಮಧ್ಯೆ ಆರ್ಭಟ ಕೊಡಬೇಕು. ಗಲ್ಲ ಅಷ್ಟು ಅಲುಗಿದರೂ ಚಿಟ್ಟಿ ಉದುರಬಾರದು. ನಾನು ಬಾಯಿಯ ಸುತ್ತ ಚಿಟ್ಟಿ ಇಡುವಾಗ ‘ಒಂದು ಸಲ ಬಾಯಿ ಅಗಲಿಸಿ’ ಅಂತ ಹೇಳಿ, ಚರ್ಮ ಎಲ್ಲಿ ಮಡಚುತ್ತದೆ ಅಂತ ನೋಡಿಯೇ ಕಡ್ಡಿ ಎತ್ತುವುದು. ನಿಮಗೆ ಎರಡೂ ಕಲೆ ಗೊತ್ತಿರುವುದು ಭಾಗ್ಯ. ಒಂದು ದಿನ ಸಂಜೆ ಬೇಗ ಬಂದು ಚೌಕಿ ನೋಡಿ. ಚಪ್ಪಲಿ ಹೊರಗೆ ಬಿಟ್ಟು ಬನ್ನಿ. ಅಲ್ಲಿ ಗಣಪತಿಗೆ ದೀಪ ಇಟ್ಟಿರುತ್ತೇವೆ.

ಪ್ರಶ್ನೆ: ನಮ್ಮದು ಮಹಿಳಾ ತಂಡ. ಹೋದಲ್ಲೆಲ್ಲ ಒಂದೇ ಚೌಕಿ, ನಾಲ್ಕು ಕಡೆ ತೆರೆದಿರುತ್ತದೆ. ಬಟ್ಟೆ ಬದಲಿಸುವಾಗ ಜನ ಮೊಬೈಲ್ ಹಿಡಿದು ಒಳಗೆ ಬರುತ್ತಾರೆ. ಸಂಘಟಕರಿಗೆ ಹೇಳಲು ಸಂಕೋಚ.
– ಕಾಲೇಜು ವಿದ್ಯಾರ್ಥಿನಿ, ಪೆರ್ಲ

ಉತ್ತರ: ಸಂಕೋಚ ಬೇಡ ತಂಗಿ. ಆಟ ಒಪ್ಪಿಕೊಳ್ಳುವಾಗಲೇ ಹೇಳಿ: ಮೂಲೆಯಲ್ಲಿ ಬಟ್ಟೆ ಕಟ್ಟಿದ ಒಂದು ಕೋಣೆ, ಬಾಗಿಲಿರುವ ಪಾಯಿಖಾನೆ ಹತ್ತಿರದಲ್ಲಿ, ಚೌಕಿಯ ಬಾಗಿಲಲ್ಲಿ ಸಂಘದ ಒಬ್ಬರು. ಈ ಮೂರು ಇಲ್ಲದಿದ್ದರೆ ನಾನು ಪೆಟ್ಟಿಗೆ ಬಿಚ್ಚುವುದಿಲ್ಲ. ಹಗ್ಗ ಮತ್ತು ಎರಡು ಹಳೆಯ ಸೀರೆ ನನ್ನ ಪೆಟ್ಟಿಗೆಯಲ್ಲಿ ಯಾವಾಗಲೂ ಇರುತ್ತದೆ, ನೀವೂ ಇಟ್ಟುಕೊಳ್ಳಿ. ಹಿಂದೆ ಹೆಂಗಸರು ಚೌಕಿಯ ಹತ್ತಿರ ಸುಳಿಯುತ್ತಿರಲಿಲ್ಲ, ಹಾಗಾಗಿ ಆ ಜಾಗವನ್ನು ಯಾರೂ ನಿಮಗಾಗಿ ಯೋಚಿಸಿ ಕಟ್ಟಿಲ್ಲ. ಈಗ ನೀವು ರಂಗದಲ್ಲಿ ಇದ್ದೀರಿ. ಚೌಕಿಯೂ ಬದಲಾಗಲೇಬೇಕು. ಮೊಬೈಲ್ ಹಿಡಿದು ಬಂದವರಿಗೆ ‘ಅಣ್ಣ, ಹೊರಗೆ ನಿಲ್ಲಿ’ ಅಂತ ಗಟ್ಟಿಯಾಗಿ ಹೇಳಿ. ನಿಮ್ಮ ಜೊತೆ ವೇಷ ಕಟ್ಟುವವರೂ ದನಿ ಸೇರಿಸುತ್ತಾರೆ.

ಪ್ರಶ್ನೆ: ಸಂಘಕ್ಕೆ ದಾನಿಗಳಿಂದ ಒಂದು ಸೆಟ್ ವೇಷಭೂಷಣ ಸಿಕ್ಕಿದೆ. ಪತ್ತನಾಜೆ (ಮೇ ಕೊನೆಗೆ ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದರೆ ಮಳೆ. ಹೇಗೆ ಕಾಪಾಡುವುದು?
– ಓದುಗರು, ಮುಳ್ಳೇರಿಯ

ಉತ್ತರ: ಬೆವರಿನ ಬಟ್ಟೆ ಪೆಟ್ಟಿಗೆಗೆ ಹೋಗಲೇಬಾರದು. ದಗಲೆ, ಚಲ್ಲಣ ಒಗೆದು ಬಿಸಿಲಲ್ಲಿ ಒಣಗಿಸಿ. ಕಿರೀಟ, ಭುಜಕೀರ್ತಿಯನ್ನು ಮಾತ್ರ ಬಿಸಿಲಿಗೆ ಇಡಬೇಡಿ. ಮರ ಬಿರುಕು ಬಿಡುತ್ತದೆ, ಅಂಟು ಏಳುತ್ತದೆ. ನೆರಳಲ್ಲಿ ಗಾಳಿಗೆ ಇಟ್ಟು, ಒಣ ಬಟ್ಟೆಯಲ್ಲಿ ಒರೆಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಬೇಡವೇ ಬೇಡ, ಒಳಗೆ ನೀರು ಬೆವರಿ ಬೂಸ್ಟು ಬರುತ್ತದೆ. ಪೆಟ್ಟಿಗೆಯನ್ನು ನೆಲಕ್ಕೆ ತಾಗಿಸದೆ ಎರಡು ಹಲಗೆಯ ಮೇಲೆ ಇಡಿ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಬಿಸಿಲು ಕಂಡ ದಿನ ಮುಚ್ಚಳ ತೆಗೆದು ಒಮ್ಮೆ ನೋಡಿ. ಗೆಜ್ಜೆಯ ಹೊಲಿಗೆ ಬಿಟ್ಟಿದ್ದರೆ, ಕನ್ನಡಿ ಬಿದ್ದಿದ್ದರೆ ಆಗಲೇ ಸರಿಮಾಡಿಸಿ. ದೀಪಾವಳಿ ಕಳೆದು ಮೇಳಗಳು ಹೊರಟ ಮೇಲೆ ಈ ಕೆಲಸ ಬಲ್ಲವರು ಯಾರೂ ಮನೆಯಲ್ಲಿ ಸಿಗುವುದಿಲ್ಲ.