ವರ್ಷಗಟ್ಟಲೆ ನಿಂತಿದ್ದ 1991ರ ಮಾಜ್ದಾ ಎಂಎಕ್ಸ್-5 (ಬಟ್ಟೆಯ ಟಾಪ್ ಇರುವ ಎರಡು ಸೀಟಿನ ಕಾರು) ಕೊಂಡಿದ್ದೇನೆ. ಕೆಲಸ ಎಲ್ಲಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆಯಲ್ಲಿರುವುದು ಇಷ್ಟು: 1.6 ಲೀಟರ್ ಎಂಜಿನ್, ಓಡಿದ್ದು ಬರೀ 70 ಸಾವಿರ ಕಿಲೋಮೀಟರ್, ಆದರೆ ಬಹಳ ವರ್ಷ ಶೆಡ್‌ನಲ್ಲಿ ನಿಂತ ಗಾಡಿ. ಎಂಜಿನ್ ಹಿಂದೆ ಆಯಿಲ್ ತೊಟ್ಟಿಕ್ಕುತ್ತಿದೆ, ಕ್ಲಚ್ ಪೆಡಲ್ ಮೆತ್ತಗಾಗಿದೆ, ಸ್ಟಾರ್ಟ್ ಮಾಡಿದಾಗ ಟಕಟಕ ಸದ್ದು. ಗೇರ್‌ಬಾಕ್ಸ್ ಇಳಿಸಬೇಕು ಅಂತ ಗ್ಯಾರೇಜ್‌ನವರು ಹೇಳಿದ್ದಾರೆ. ಇದರ ನಡುವೆ ಹೊಸ ಸಸ್ಪೆನ್ಷನ್, ಎಕ್ಸಾಸ್ಟ್ ಹಾಕಿಸುವ ಆಸೆಯೂ ನಿಮಗಿದೆ.

ಸಸ್ಪೆನ್ಷನ್ ದುಡ್ಡನ್ನು ಸದ್ಯಕ್ಕೆ ಹಾಗೇ ಇಡಿ. ನನ್ನ ಹತ್ತಿರವೂ ಇದೇ ಮೊದಲ ತಲೆಮಾರಿನ ಗಾಡಿ ಇದೆ, ಅದರ ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ಈ ಗಾಡಿಗಳಲ್ಲಿ ಕಬ್ಬಿಣ ಕೈಕೊಡುವುದು ಕಡಿಮೆ. ಕೈಕೊಡುವುದು ರಬ್ಬರ್, ಹಳೆ ಆಯಿಲ್, ಹಳೆ ಫ್ಲೂಯಿಡ್ ಮತ್ತು ಒಳಗೆ ನಿಂತ ನೀರು. ಮೀಟರ್ ಕಡಿಮೆ ತೋರಿಸುತ್ತಿದೆ ಅನ್ನುವುದು ಇಲ್ಲಿ ದೊಡ್ಡ ಸಮಾಧಾನ ಅಲ್ಲ. ರಬ್ಬರ್ ನಿಂತಲ್ಲೇ ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಓಡಿಸಿ ನೋಡುವ ಮೊದಲು ಟೈರ್ ನೋಡಿ. ಪಕ್ಕದಲ್ಲಿ ಡಾಟ್ ಅಂತ ಇರುವ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2309 ಅಂತಿದ್ದರೆ 2009ರ 23ನೇ ವಾರ. ಅಷ್ಟು ಹಳೆಯದಾದರೆ ಟೈರಿನ ಮೇಲ್ಮೈ ಗೀರುಗಳು ಎಷ್ಟೇ ಚೆನ್ನಾಗಿದ್ದರೂ ತೆಗೆಯಿರಿ. ಟ್ಯಾಂಕಿನಲ್ಲಿರುವ ಹಳೆ ಪೆಟ್ರೋಲ್ ಖಾಲಿ ಮಾಡಿ, ಫ್ಯುಯೆಲ್ ಫಿಲ್ಟರ್ ಬದಲಿಸಿ, ಪೆಟ್ರೋಲ್ ಪೈಪುಗಳನ್ನು ಬಗ್ಗಿಸಿ ಬಿರುಕಿದೆಯಾ ನೋಡಿ.

ಈಗ ಆಯಿಲ್ ಸೋರಿಕೆ. ಗೇರ್‌ಬಾಕ್ಸ್ ಇಳಿಸಲು ಇನ್ನೂ ಒಪ್ಪಬೇಡಿ. ಎಂಜಿನ್ನಿನ ಹಿಂದಿನ ಮುಖ್ಯ ಸೀಲ್ ಸೋರಿದರೆ ಆಯಿಲ್ ಬೆಲ್ ಹೌಸಿಂಗ್ (ಎಂಜಿನ್, ಗೇರ್‌ಬಾಕ್ಸ್ ಸೇರುವಲ್ಲಿನ ಕವಚ) ಕೆಳಗೆ ತೊಟ್ಟಿಕ್ಕುತ್ತದೆ, ಆ ಸೀಲ್ ಬದಲಿಸಲು ಗೇರ್‌ಬಾಕ್ಸ್ ಇಳಿಸಲೇಬೇಕು, ನಿಜ. ಆದರೆ ಈ ಎಂಜಿನ್ನಿನಲ್ಲಿ ಸಿಲಿಂಡರ್ ಹೆಡ್‌ನ ಹಿಂಬದಿಗೆ, ಕಿಡಿ ಯಾವಾಗ ಹಾರಬೇಕು ಅಂತ ತಿಳಿಸುವ ಕ್ಯಾಮ್ ಆ್ಯಂಗಲ್ ಸೆನ್ಸರ್ ಇದೆ. ಅದರೊಳಗೆ ಒಂದು ಸಣ್ಣ ರಬ್ಬರ್ ಓ-ರಿಂಗ್. ಅದು ಗಟ್ಟಿಯಾದರೆ ಆಯಿಲ್ ಹೆಡ್‌ನ ಹಿಂದಿನಿಂದ ಸದ್ದಿಲ್ಲದೆ ಇಳಿದು ಅದೇ ಬೆಲ್ ಹೌಸಿಂಗ್ ಮೇಲೆ ಬೀಳುತ್ತದೆ. ವಾಲ್ವ್ ಕವರ್ ಗ್ಯಾಸ್ಕೆಟ್‌ನ ಹಿಂದಿನ ಮೂಲೆ ಸೋರಿದರೂ ಇದೇ ಕಥೆ. ಕೆಳಗಿನಿಂದ ನೋಡುವವರಿಗೆ ಮೂರೂ ಒಂದೇ ಥರ ಕಾಣುತ್ತವೆ. ಹಾಗಾಗಿ ಹಿಂಬದಿಯನ್ನೆಲ್ಲ ಚೆನ್ನಾಗಿ ತೊಳೆದು ಒಣಗಿಸಿ. ಸ್ವಲ್ಪ ಹೊತ್ತು ಎಂಜಿನ್ ಓಡಿಸಿ, ಆಫ್ ಮಾಡಿ, ಟಾರ್ಚ್ ಮತ್ತು ಸಣ್ಣ ಕನ್ನಡಿ ಹಿಡಿದು ಮೇಲಿನಿಂದ ನೋಡುತ್ತಾ ಬನ್ನಿ. ಒದ್ದೆ ಎಲ್ಲಿಂದ ಶುರುವಾಗುತ್ತದೋ ಸೋರುವುದು ಅಲ್ಲಿಯೇ.

ಸೆನ್ಸರ್ ಬಿಚ್ಚುವ ಮೊದಲು ಅದು ಕೂತಿರುವ ಜಾಗಕ್ಕೆ ಗೀಟು ಎಳೆದುಕೊಳ್ಳಿ. ಅದು ಒಂಚೂರು ತಿರುಗಿದರೂ ಇಗ್ನಿಷನ್ ಟೈಮಿಂಗ್ ಬದಲಾಗುತ್ತದೆ. ಮತ್ತೆ ಕೂರಿಸಿದ ಮೇಲೆ ಬಾನೆಟ್ ಕೆಳಗಿನ ಡಯಾಗ್ನೋಸ್ಟಿಕ್ ಡಬ್ಬಿಯಲ್ಲಿ ಟಿಇಎನ್ ಮತ್ತು ಜಿಎನ್‌ಡಿ ಅಂತ ಬರೆದಿರುವ ಎರಡು ಪಿನ್‌ಗಳನ್ನು ಸಣ್ಣ ವೈರಿನಿಂದ ಸೇರಿಸಿ, ಎಂಜಿನ್ ಬಿಸಿಯಾದ ಮೇಲೆ ಟೈಮಿಂಗ್ ಲೈಟ್ ಹಿಡಿಯಿರಿ. ಐಡಲ್ 850 ಆರ್‌ಪಿಎಂ, ಟೈಮಿಂಗ್ ಟಾಪ್ ಡೆಡ್ ಸೆಂಟರ್‌ಗಿಂತ (ಪಿಸ್ಟನ್ ತೀರಾ ಮೇಲಿರುವ ಸ್ಥಾನ) 10 ಡಿಗ್ರಿ ಮೊದಲು. ಕೈ ತೂರಿಸಲು ಜಾಗ ಕಡಿಮೆ, ತಾಳ್ಮೆ ಬೇಕು. ಆದರೂ ಗೇರ್‌ಬಾಕ್ಸ್ ಇಳಿಸುವುದಕ್ಕೆ ಹೋಲಿಸಿದರೆ ಏನೂ ಅಲ್ಲ.

ಟಕಟಕ ಸದ್ದಿಗೆ ಹೆದರಬೇಡಿ. ಇದರಲ್ಲಿರುವುದು ಆಯಿಲ್ ಒತ್ತಡದಲ್ಲಿ ಕೆಲಸ ಮಾಡುವ, ವಾಲ್ವ್‌ಗಳನ್ನು ಒತ್ತುವ ಹೈಡ್ರಾಲಿಕ್ ಲಿಫ್ಟರ್‌ಗಳು. ಗಾಡಿ ನಿಂತಾಗ ಅವುಗಳಲ್ಲಿನ ಆಯಿಲ್ ಇಳಿದುಹೋಗುತ್ತದೆ. ಒಳ್ಳೆ ಆಯಿಲ್, ಹೊಸ ಫಿಲ್ಟರ್ ಹಾಕಿ ಓಡಿಸಿ. ಬೇಗನೆ ಇನ್ನೊಂದು ಸಲ ಆಯಿಲ್ ಬದಲಿಸಿ. ಎಷ್ಟೋ ಸಲ ಸದ್ದು ಅಷ್ಟಕ್ಕೇ ಹೋಗುತ್ತದೆ.

ಕ್ಲಚ್ ಪೆಡಲ್ ಮೆತ್ತಗಾಗಿದ್ದರೆ ಕ್ಲಚ್ ಪ್ಲೇಟನ್ನು ಅನುಮಾನಿಸುವ ಮೊದಲು, ಪೆಡಲ್ ಒತ್ತಡವನ್ನು ಕ್ಲಚ್‌ಗೆ ಮುಟ್ಟಿಸುವ ಸ್ಲೇವ್ ಸಿಲಿಂಡರ್ ನೋಡಿ. ಗೇರ್‌ಬಾಕ್ಸ್ ಪಕ್ಕದಲ್ಲೇ ಇರುತ್ತದೆ. ರಬ್ಬರ್ ಟೊಪ್ಪಿಗೆ ಸರಿಸಿ, ಒಳಗೆ ಒದ್ದೆ ಇದ್ದರೆ ಸೀಲ್ ಹೋಗಿದೆ ಅಂತ ಅರ್ಥ. ಈ ಗಾಡಿಯಲ್ಲಿ ತುಂಬಾ ಸಾಮಾನ್ಯ. ನಾನಾದರೆ ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರ್ ಮತ್ತು ರಬ್ಬರ್ ಹೋಸನ್ನೂ ಜೊತೆಗೇ ಬದಲಿಸುತ್ತೇನೆ, ಮೂರಕ್ಕೂ ವಯಸ್ಸು ಒಂದೇ ಅಲ್ವಾ. ಕ್ಲಚ್‌ನಲ್ಲೂ ಇರುವುದು ಬ್ರೇಕ್ ಫ್ಲೂಯಿಡ್ಡೇ, ಅದು ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ. ಅದರಿಂದ ಒಳಗೆ ತುಕ್ಕು ಹಿಡಿಯುತ್ತದೆ, ಕುದಿಯುವ ಬಿಂದು ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬ್ರೇಕ್, ಕ್ಲಚ್ ಎರಡರದ್ದೂ ಬದಲಿಸಿ. ಗೇರ್‌ಬಾಕ್ಸಿಗೆ ಜಿಎಲ್-4 ದರ್ಜೆಯ 75ಡಬ್ಲ್ಯೂ-90 ಆಯಿಲ್ ಹಾಕಿ. ಡಿಫರೆನ್ಷಿಯಲ್‌ಗೆ ಬೇಕಾದ ಜಿಎಲ್-5 ಅನ್ನೇ ಗೇರ್‌ಬಾಕ್ಸಿಗೂ ಸುರಿಯುವವರಿದ್ದಾರೆ. ಅದರಲ್ಲಿನ ರಾಸಾಯನಿಕ, ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಸಿಂಕ್ರೊಗಳ ಹಿತ್ತಾಳೆಗೆ ಒಳ್ಳೆಯದಲ್ಲ.

ಟೈಮಿಂಗ್ ಬೆಲ್ಟ್ ಬದಲಿಸುವ ಅವಧಿ ಸುಮಾರು 96 ಸಾವಿರ ಕಿಲೋಮೀಟರ್. ನಿಮ್ಮದು ಅಷ್ಟು ಓಡಿಲ್ಲ, ಆದರೆ ಯಾವಾಗ ಬದಲಿಸಿದ್ದು ಎಂಬ ಬಿಲ್ ಸಿಗದಿದ್ದರೆ ಬದಲಿಸಿಬಿಡಿ. ಈ ಎಂಜಿನ್ನಿನಲ್ಲಿ ಬೆಲ್ಟ್ ತುಂಡಾದರೂ ಪಿಸ್ಟನ್ ವಾಲ್ವ್‌ಗೆ ಬಡಿಯುವುದಿಲ್ಲ, ಗಾಡಿ ದಾರಿಯಲ್ಲಿ ನಿಲ್ಲುತ್ತದೆ ಅಷ್ಟೇ. ಕವರ್ ಬಿಚ್ಚಿರುವಾಗಲೇ ವಾಟರ್ ಪಂಪ್ ಮತ್ತು ಕ್ಯಾಮ್ ಸೀಲ್‌ಗಳನ್ನೂ ಮುಗಿಸಿಕೊಳ್ಳಿ. ಒಂದು ವಿಷಯದಲ್ಲಿ ಮಾತ್ರ ಜಾಸ್ತಿ ಎಚ್ಚರ ಬೇಕು. 1991ರ ನಡುವಿನವರೆಗೆ ಬಂದ 1.6 ಎಂಜಿನ್‌ಗಳ ಕ್ರ್ಯಾಂಕ್‌ಶಾಫ್ಟ್ ಮೂತಿ (ಪುಲ್ಲಿ ಕೂರುವ ಮುಂದಿನ ತುದಿ) ಗಿಡ್ಡ. ಕ್ರ್ಯಾಂಕ್ ಪುಲ್ಲಿಯಲ್ಲಿ ನಾಲ್ಕು ಸೀಳು ಇದ್ದರೆ ಹಳೆಯದು, ಎಂಟಿದ್ದರೆ ಸುಧಾರಿಸಿದ್ದು. ಗಿಡ್ಡ ಮೂತಿಯದರಲ್ಲಿ ಮುಂದಿನ ದೊಡ್ಡ ಬೋಲ್ಟ್ ಸಡಿಲವಾದರೆ ಪುಲ್ಲಿ ಜಾರದಂತೆ ಹಿಡಿಯುವ ಸಣ್ಣ ಕೀ ಕೂರುವ ಕಚ್ಚು ಸವೆದುಹೋಗುತ್ತದೆ, ಪುಲ್ಲಿ ಓಲಾಡುತ್ತದೆ, ಟೈಮಿಂಗ್ ಹಾಳಾಗಿ ಶಕ್ತಿ ಕುಗ್ಗುತ್ತದೆ. ಕೊನೆಗೆ ಕ್ರ್ಯಾಂಕ್‌ಶಾಫ್ಟೇ ಹೋಗಬಹುದು. ಆ ಬೋಲ್ಟ್ ಬಿಚ್ಚಲೇಬೇಕಾದರೆ ಹೊಸ ಬೋಲ್ಟ್, ಹೊಸ ಕೀ ಹಾಕಿ ವರ್ಕ್‌ಶಾಪ್ ಮ್ಯಾನುಯಲ್ ಹೇಳಿದಷ್ಟೇ ಟಾರ್ಕ್ ಕೊಡಿ. ಕೈ ಅಂದಾಜು ಇಲ್ಲಿ ಬೇಡವೇ ಬೇಡ.

ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ಕಪ್ಪಗಿರಬೇಕು. ಕಂದು ಅಥವಾ ಹಸಿರು ಮಿಶ್ರಿತ ಬಣ್ಣಕ್ಕೆ ತಿರುಗಿದ್ದರೆ ಅದು ಬಿರುಕು ಬಿಡುವ ದಿನ ಹತ್ತಿರ ಬಂದಿದೆ. ರೇಡಿಯೇಟರ್, ಹೋಸ್‌ಗಳು, ಥರ್ಮೋಸ್ಟಾಟ್ ಒಟ್ಟಿಗೆ ಬದಲಿಸಿ.

ಇನ್ನು ನೀರು. ಇದನ್ನು ಯಾರೂ ಕೇಳುವುದಿಲ್ಲ, ನೀವೂ ಕೇಳಿಲ್ಲ. ಆದರೆ ಈ ಗಾಡಿಗಳನ್ನು ಕೊಲ್ಲುವುದು ಇದೇ. ಬಟ್ಟೆಯ ಟಾಪ್ ಮೇಲೆ ಬಿದ್ದ ಮಳೆನೀರು ಸೀಟುಗಳ ಹಿಂದೆ ಎರಡೂ ಬದಿಯ ತೂತುಗಳಿಂದ ಇಳಿದು ಹಿಂದಿನ ಚಕ್ರದ ಮುಂದೆ ಹೊರಗೆ ಹೋಗಬೇಕು. ಆ ದಾರಿಯಲ್ಲಿ ಎಲೆ, ಧೂಳು ಕಟ್ಟಿಕೊಂಡರೆ ನೀರು ಸಿಲ್ (ಬಾಗಿಲ ಕೆಳಗಿನ ಟೊಳ್ಳು ಭಾಗ) ಒಳಗೆ ಸೇರುತ್ತದೆ. ಹೊರಗಿನ ಪೇಂಟ್ ಹೊಳೆಯುತ್ತಿರುವಾಗಲೇ ಲೋಹ ಒಳಗಿನಿಂದ ತುಕ್ಕು ಹಿಡಿಯುತ್ತದೆ. ನೀವು ಗುಳ್ಳೆ ಕಾಣುವ ಹೊತ್ತಿಗೆ ತೂತು ಬಿದ್ದಿರುತ್ತದೆ. ಒಂದು ಲೋಟ ನೀರು ನಿಧಾನವಾಗಿ ಹಾಕಿ, ಕೆಳಗೆ ಸಲೀಸಾಗಿ ಬರುತ್ತದಾ ನೋಡಿ. ಬರದಿದ್ದರೆ ಮೆತ್ತನೆಯ, ಬಾಗುವ ನೈಲಾನ್ ದಾರದಂಥದ್ದರಿಂದ ಬಿಡಿಸಿ. ಗಟ್ಟಿ ತಂತಿ ತೂರಿಸಿದರೆ ನೀರಿಳಿಯುವ ಪೈಪೇ ಹರಿದುಹೋಗುತ್ತದೆ. ಕಾರ್ಪೆಟ್ ಎತ್ತಿ ಕೆಳಗೆ ತೇವ ಇದೆಯಾ ಮುಟ್ಟಿ ನೋಡಿ. ಟಾಪ್ ಮಡಿಸುವಾಗ ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಜಿಪ್ ಮೊದಲು ತೆಗೆಯಿರಿ, ಇಲ್ಲದಿದ್ದರೆ ಮಡಿಕೆ ಬಿದ್ದು ಸೀಳುತ್ತದೆ.

ಡಿಕ್ಕಿಯಲ್ಲೂ ತುಕ್ಕು ನೋಡಬೇಕಾದ ಒಂದು ಜಾಗ ಇದೆ. ಇದರ ಬ್ಯಾಟರಿ ಇರುವುದು ಅಲ್ಲಿಯೇ. ಕಂಪನಿಯಿಂದ ಬಂದದ್ದು ಸೀಲ್ ಮಾಡಿದ, ಗಾಳಿ ಹೊರಬಿಡುವ ಸಣ್ಣ ಟ್ಯೂಬ್ ಇರುವ ಬ್ಯಾಟರಿ. ಯಾರಾದರೂ ಸುಮ್ನೆ ಮಾಮೂಲಿ ಬ್ಯಾಟರಿ ಇಟ್ಟಿದ್ದರೆ ಆಸಿಡ್ ಹಬೆ ತಳವನ್ನು ತಿಂದಿರುತ್ತದೆ.

ಬಿಡಿಭಾಗಗಳ ಬಗ್ಗೆ ಚಿಂತೆ ಬೇಡ. ಮೊದಲ ತಲೆಮಾರಿನ ಗಾಡಿಗಳೇ 4 ಲಕ್ಷಕ್ಕೂ ಜಾಸ್ತಿ ತಯಾರಾಗಿವೆ. 2017ರಲ್ಲಿ ಮಾಜ್ದಾ ಇದಕ್ಕಾಗಿಯೇ ಜಪಾನಿನಲ್ಲಿ ರೆಸ್ಟೊರೇಷನ್ ಸೇವೆ ಘೋಷಿಸಿ, ಟಾಪ್‌ನಂಥ ಕೆಲವು ಭಾಗಗಳನ್ನು ಮತ್ತೆ ಮಾಡಿಸಿತು.

ಇಷ್ಟೆಲ್ಲ ಆದ ಮೇಲೆ ಸಸ್ಪೆನ್ಷನ್‌ಗೆ ಬನ್ನಿ. ಅಲ್ಲೂ ಮೊದಲು ಬುಷ್‌ಗಳು, ಅಂದರೆ ಕೀಲುಗಳಲ್ಲಿರುವ ರಬ್ಬರ್ ತುಂಡುಗಳು. ಒಣಗಿದ ಬುಷ್ ಮೇಲೆ ದುಬಾರಿ ಸ್ಪ್ರಿಂಗ್, ಶಾಕ್ ಹಾಕಿದರೆ ಗಾಡಿ ಕುಲುಕುತ್ತದೆ ಅಷ್ಟೇ, ಹಿಡಿತ ಬರುವುದಿಲ್ಲ. ಹೊಸ ಬುಷ್ ಹಾಕಿಸಿ, ನಾಲ್ಕೂ ಚಕ್ರದ ಅಲೈನ್‌ಮೆಂಟ್ ಮಾಡಿಸಿ. ಸುಮಾರು 950 ಕೆಜಿಯ ಗಾಡಿ ಇದು. ಕಂಪನಿಯವರು ಕೊಟ್ಟ ಸೆಟಪ್‌ನಲ್ಲೇ ಸ್ವಲ್ಪ ದಿನ ಓಡಿಸಿ, ಆಮೇಲೂ ಬೇಕು ಅನ್ನಿಸಿದರೆ ಹೊಸ ಶಾಕ್ ಕೊಳ್ಳಿ.