ಕಾಯಬೇಕಾದ್ದು ಕುಕ್ಕರ್, ಹಿಟ್ಟಲ್ಲ

ಅಡುಗೆಮನೆ ಪ್ರಶ್ನೋತ್ತರ: ಈ ಸಲ ಮನೆಯಲ್ಲೇ ಚಾಕೊಲೇಟ್ ಕೇಕ್

ಪ್ರಶ್ನೆ: ರಜೆಗೆ ಮೊಮ್ಮಕ್ಕಳು ಬಂದಿದ್ದಾರೆ. ಒಬ್ಬಳಿಗೆ ಐದು ವರ್ಷ, ಇನ್ನೊಬ್ಬನಿಗೆ ಎಂಟು. ಚಾಕೊಲೇಟ್ ಕೇಕ್ ಮಾಡಲೇಬೇಕಂತೆ. ನಾನು ಮೊಟ್ಟೆ ಮುಟ್ಟುವುದಿಲ್ಲ, ಮನೆಯಲ್ಲಿ ಓವನ್ ಕೂಡ ಇಲ್ಲ. ಐದು ಲೀಟರಿನ ಹಳೆಯ ಕುಕ್ಕರ್ ಸಾಕಾಗುತ್ತದೆಯೇ? – ಕದ್ರಿ, ಮಂಗಳೂರು

ಉತ್ತರ: ಧಾರಾಳ ಸಾಕು. ಹಳೆಯದಾದರೆ ಇನ್ನೂ ಒಳ್ಳೆಯದು, ನೀರಿಲ್ಲದೆ ಮತ್ತೆ ಮತ್ತೆ ಕಾಯಿಸಿದರೆ ಹೊಸ ಕುಕ್ಕರ್ ಹಾಳಾಗುತ್ತದೆ. ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಬೇಡದ ಅಳತೆ ಇದು: ಮೈದಾ ಒಂದೂವರೆ ಕಪ್ (190 ಗ್ರಾಂ), ಸಕ್ಕರೆ ಒಂದು ಕಪ್ (200 ಗ್ರಾಂ), ಸಿಹಿಯಿಲ್ಲದ ಕೊಕೊ ಪುಡಿ ಕಾಲು ಕಪ್ (25 ಗ್ರಾಂ), ಅಡುಗೆ ಸೋಡಾ ಒಂದು ಟೀ ಚಮಚ, ಉಪ್ಪು ಕಾಲು ಟೀ ಚಮಚ. ನೀರು ಒಂದು ಕಪ್ (240 ಮಿ.ಲೀ.), ಎಣ್ಣೆ 80 ಮಿ.ಲೀ., ಬಿಳಿ ವಿನೆಗರ್ 15 ಮಿ.ಲೀ., ವೆನಿಲಾ ಎಸೆನ್ಸ್ ಒಂದು ಟೀ ಚಮಚ. ವಿನೆಗರ್ ಇಲ್ಲದಿದ್ದರೆ ಅಷ್ಟೇ ಲಿಂಬೆರಸ. ಮನೆಯ ಚಮಚಗಳನ್ನು ನಂಬಬೇಡಿ. ಕೆಮ್ಮಿನ ಔಷಧಿಯ ಬಾಟಲಿಯೊಂದಿಗೆ ಬರುವ ಗೆರೆ ಹಾಕಿದ ಮುಚ್ಚಳವನ್ನು ತೊಳೆದು ಒರೆಸಿಡಿ, ಅದರ 5 ಮಿ.ಲೀ. ಗೆರೆಯೇ ಒಂದು ಟೀ ಚಮಚ. ಕುಡ್ತೆಯಲ್ಲಿ ಅಳೆಯುವವರು ಮೊದಲು ಅದರಲ್ಲಿ ಎಷ್ಟು ನೀರು ಹಿಡಿಯುತ್ತದೆಂದು ನೋಡಿಕೊಳ್ಳಿ. ಕುಡ್ತೆ ದೊಡ್ಡದಾಗಿ ಸೋಡಾ ಅಷ್ಟೇ ಉಳಿದರೆ ಕೇಕ್ ಏಳುವುದಿಲ್ಲ.

ಮೊದಲು ಒಲೆಯ ಕೆಲಸ. ಕುಕ್ಕರಿನ ಗ್ಯಾಸ್ಕೆಟ್, ವೆಯ್ಟ್ ಎರಡನ್ನೂ ತೆಗೆಯಿರಿ. ತಳಕ್ಕೆ ಒಂದೂವರೆ ಕಪ್ ಉಪ್ಪು ಹರವಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ನೀರು ಬೇಡವೇ ಬೇಡ, ಇದು ಇಡ್ಲಿಯಲ್ಲ. ಏಳು ಇಂಚಿನ ಟಿನ್ನಿಗೆ ಎಣ್ಣೆ ಸವರಿ, ತಳಕ್ಕೆ ಬಟರ್ ಪೇಪರ್ ಹಾಕಿ. ಬಾಡಿಸಿದ ಬಾಳೆಲೆಯನ್ನು ತಳದ ಅಳತೆಗೆ ದುಂಡಗೆ ಕತ್ತರಿಸಿ ಹಾಕಿದರೂ ನಡೆಯುತ್ತದೆ, ಅಂಚಿನಿಂದ ಮೇಲೆ ಚಾಚಿದರೆ ಮಾತ್ರ ಸುಟ್ಟು ವಾಸನೆ ಬರುತ್ತದೆ. ಟಿನ್ನಿನ ಸುತ್ತ ಒಂದು ಬೆರಳಿನಷ್ಟು ಜಾಗ ಉಳಿಯಬೇಕು.

ಒಣ ಸಾಮಾನುಗಳನ್ನು ಎರಡು ಸಲ ಜರಡಿ ಹಿಡಿದು, ದ್ರವಗಳನ್ನು ಬೇರೆ ಪಾತ್ರೆಯಲ್ಲಿ ಕಲಸಿ ಸುರಿಯಿರಿ. ಬಿಳಿ ಮೈದಾ ಕಾಣದಾದ ಕೂಡಲೇ ಕೈ ನಿಲ್ಲಿಸಿ. ಹದ ಉದ್ದಿನ ದೋಸೆ ಹಿಟ್ಟಿನಷ್ಟು, ನೀರುದೋಸೆಯಷ್ಟು ತೆಳುವಲ್ಲ. ಟಿನ್ನಿಗೆ ಸುರಿದು ಕೂಡಲೇ ಕುಕ್ಕರಿನೊಳಗಿಟ್ಟು ಸಣ್ಣ ಉರಿಯಲ್ಲಿ 45ರಿಂದ 50 ನಿಮಿಷ ಬೇಯಿಸಿ. ಓವನ್ ಇರುವವರಿಗೆ 180 ಡಿಗ್ರಿಯಲ್ಲಿ 35 ನಿಮಿಷದ ಆಸುಪಾಸು. ಬೆಂದಿದೆಯೇ ನೋಡಲು ಮಾರುಕಟ್ಟೆಯ ಟೂತ್‌ಪಿಕ್ ಬೇಕಾಗಿಲ್ಲ. ಗುಂಡಕ್ಕೆ (ಹಲಸಿನೆಲೆಯ ಕೊಟ್ಟೆಯಲ್ಲಿ ಬೇಯಿಸುವ ಇಡ್ಲಿಗೆ) ಎಲೆ ಚುಚ್ಚುವ ತೆಂಗಿನ ಗರಿಯ ಕಡ್ಡಿ ಇನ್ನೂ ಉದ್ದ, ನಡುವಿನ ತಳದವರೆಗೂ ಹೋಗುತ್ತದೆ. ಹಸಿ ಹಿಟ್ಟು ಅಂಟದಿದ್ದರೆ ಆಯಿತು. ಹತ್ತು ನಿಮಿಷ ಟಿನ್ನಿನಲ್ಲೇ ಬಿಟ್ಟು ಕವುಚಿ ಹಾಕಿ. ಆ ಉಪ್ಪನ್ನು ಸಾರಿಗೆ ಹಾಕಬೇಡಿ, ಡಬ್ಬದಲ್ಲಿಟ್ಟರೆ ಮುಂದಿನ ಕೇಕಿಗೆ ಆದೀತು.

ಪ್ರಶ್ನೆ: ಇದೇ ತರಹದ ಕೇಕ್ ಎರಡು ಸಲ ಮಾಡಿದೆವು. ಮೊದಲನೆಯದು ಉಬ್ಬಿ ನಡುವೆ ಕುಸಿಯಿತು, ಎರಡನೆಯದು ರಬ್ಬರಿನಂತಾಯಿತು. ಹಿಟ್ಟು ಕಲಸುವುದು ಅತ್ತೆ. ಅವರ ಇಡ್ಲಿ ಊರಿಗೇ ಹೆಸರು, ಹಾಗಾಗಿ ತಪ್ಪು ಎಲ್ಲಿ ಎಂದು ಕೇಳಲೂ ಸಂಕೋಚ. – ಕಟಪಾಡಿ, ಉಡುಪಿ

ಉತ್ತರ: ನಿಮ್ಮ ಅತ್ತೆಯವರ ಕೈಯಲ್ಲಿ ತಪ್ಪಿಲ್ಲ, ಆ ಕೈ ಕಲಿತದ್ದು ಬೇರೆ ಹಿಟ್ಟಿನಲ್ಲಿ. ಉದ್ದನ್ನು ತಿರುವಿದಷ್ಟೂ, ಬೀಸಿ ಕಲಸಿದಷ್ಟೂ ಅದರ ಲೋಳೆ ಗಾಳಿಯನ್ನು ಹಿಡಿದಿಡುತ್ತದೆ, ವಡೆ ಹಗುರವಾಗುತ್ತದೆ. ಮೈದಾದಲ್ಲಿರುವುದು ಗ್ಲುಟೆನ್. ನೀರು ಬಿದ್ದ ಮೇಲೆ ಕಲಸಿದಷ್ಟೂ ಅದು ನಾರಿನಂತೆ ಬಿಗಿಯುತ್ತದೆ. ಚಪಾತಿಗೆ ಅದು ಬೇಕು, ಕೇಕಿಗೆ ಬೇಡ. ನಿಮ್ಮ ರಬ್ಬರಿನ ಮೂಲ ಇದೇ. ನಲವತ್ತು ಸುತ್ತಿಗಿಂತ ಹೆಚ್ಚು ಬೇಡ. ಸಾಸಿವೆ ಗಾತ್ರದ ಗಂಟು ಉಳಿದರೆ ಉಳಿಯಲಿ, ಬೇಯುವಾಗ ಕರಗುತ್ತದೆ.

ಕುಸಿತದ ಕಾರಣ ಬೇರೆ. ಇಡ್ಲಿ ಹಿಟ್ಟು ರಾತ್ರಿಯಿಡೀ ಕೂತಷ್ಟೂ ಲಾಭ, ಅಲ್ಲಿ ಹುಳಿ ನಿಧಾನ ಬರಬೇಕು. ಸೋಡಾ ಹುಳಿ ತಾಗಿದ ಕ್ಷಣವೇ ಗುಳ್ಳೆ ಬಿಡಲು ಶುರು. ಹಿಟ್ಟು ಕಲಸಿಟ್ಟು ಆಮೇಲೆ ಕುಕ್ಕರ್ ಕಾಯಿಸಲು ಹೋದರೆ, ಅಥವಾ ಮಕ್ಕಳು ಮೇಲೆ ಗೋಡಂಬಿಯಲ್ಲಿ ಹೆಸರು ಬರೆಯುತ್ತಾ ಹತ್ತು ನಿಮಿಷ ಕೂತರೆ ಗಾಳಿ ಅರ್ಧ ಹೋಗಿರುತ್ತದೆ. ಗೋಡಂಬಿ ಮೊದಲೇ ತಟ್ಟೆಯಲ್ಲಿ ಸಿದ್ಧವಿರಲಿ. ಮೊದಲ ಅರ್ಧ ಗಂಟೆ ಮುಚ್ಚಳ ತೆಗೆಯಲೂಬೇಡಿ, ನಡುಭಾಗ ಇನ್ನೂ ಗಟ್ಟಿಯಾಗಿರುವುದಿಲ್ಲ. ಚೆನ್ನಾಗಿ ಉಬ್ಬಲಿ ಎಂದು ಸೋಡಾ ಎರಡು ಚಮಚ ಹಾಕಿದ್ದರೂ ಹೀಗೇ ಆಗುತ್ತದೆ: ಸರಸರನೆ ಏರಿ ಕೂತುಬಿಡುತ್ತದೆ, ಬಾಯಲ್ಲಿ ಸಾಬೂನಿನ ರುಚಿ ಬೇರೆ.

ಪ್ರಶ್ನೆ: ಬೇಸಿಗೆಯಲ್ಲಿ ಚೆನ್ನಾಗಿ ಬರುವ ಕೇಕ್ ಆಟಿಯ ಮಳೆಯಲ್ಲಿ ಕಲ್ಲಾಗುತ್ತದೆ. – ಮಲ್ಪೆ

ಉತ್ತರ: ನಮ್ಮ ಕರಾವಳಿಯ ತೇವ ಡಬ್ಬದ ಒಳಗೂ ನುಗ್ಗುತ್ತದೆ, ಸೋಡಾದ ಬದಲು ಬೇಕಿಂಗ್ ಪೌಡರ್ ಹಾಕುವವರಾದರೆ ಅದು ಸತ್ತುಹೋಗುತ್ತದೆ. ಅರ್ಧ ಚಮಚವನ್ನು ಬಿಸಿನೀರಿಗೆ ಹಾಕಿ ನೋಡಿ, ಜೋರಾಗಿ ನೊರೆಯದಿದ್ದರೆ ಎಸೆಯಿರಿ. ಸೋಡಾವನ್ನು ಪರೀಕ್ಷಿಸಲು ಬಿಸಿನೀರಲ್ಲ, ಲಿಂಬೆರಸದ ಹನಿ ಬೇಕು. ಓವನ್‌ನಲ್ಲಿ ಮಾಡುವವರು ಕರೆಂಟು ಹೋಗುವ ಸೂಚನೆಯಿದ್ದ ದಿನ ಗ್ಯಾಸ್ ಒಲೆಗೇ ಬನ್ನಿ. ನಡುವೆ ಹೋಯಿತೆಂದರೆ ಬಾಗಿಲು ತೆರೆಯದೆ ಬಿಡಿ, 25 ನಿಮಿಷ ದಾಟಿದ್ದರೆ ಒಳಗಿನ ಬಿಸಿಯಲ್ಲೇ ಎಷ್ಟೋ ಬೆಂದಿರುತ್ತದೆ.

ಪ್ರಶ್ನೆ: ಅಡಿಕೆ ತೋಟದಲ್ಲಿ ಕೊಕೊ ಗಿಡಗಳಿವೆ. ಆ ಬೀಜವನ್ನೇ ಒಣಗಿಸಿ ಪುಡಿ ಮಾಡಬಹುದಲ್ಲ ಎನ್ನುತ್ತಾರೆ ಅಜ್ಜಿ. – ಹೆಬ್ರಿ

ಉತ್ತರ: ಅಜ್ಜಿಯ ಆಸೆ ಸರಿಯೇ, ಆದರೆ ಪುಡಿ ಸಿಗುವುದಿಲ್ಲ. ಹಸಿ ಬೀಜವನ್ನು ತಿರುಳು ಸಮೇತ ಐದಾರು ದಿನ ಹುದುಗಿಸಿ, ಒಣಗಿಸಿ, ಹುರಿದು, ಸಿಪ್ಪೆ ತೆಗೆದರೆ ಮಾತ್ರ ಚಾಕೊಲೇಟಿನ ಪರಿಮಳ. ಹುದುಗಿಸದಿದ್ದರೆ ಬರೀ ಕಹಿ, ಒಗರು. ಇಷ್ಟೆಲ್ಲ ಮಾಡಿ ಮಿಕ್ಸಿಗೆ ಹಾಕಿದರೂ ಪುಡಿಯ ಬದಲು ಜಿಡ್ಡಿನ ಮುದ್ದೆ ಬರುತ್ತದೆ, ಏಕೆಂದರೆ ಬೀಜದ ಸುಮಾರು ಅರ್ಧ ಭಾಗ ಕೊಬ್ಬು. ಕಾರ್ಖಾನೆಯಲ್ಲಿ ಆ ಕೊಬ್ಬನ್ನು ಒತ್ತಿ ತೆಗೆದ ಮೇಲೆ ಉಳಿಯುವುದೇ ಕೊಕೊ ಪುಡಿ. ಬೀಜವನ್ನು ಮಾರಿ ಪುಡಿ ಕೊಳ್ಳುವುದೇ ಲೇಸು. ಪುತ್ತೂರಿನ ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆ 1986ರಿಂದ ಇರುವುದು ನಮ್ಮ ತೋಟಗಳ ನಡುವೆಯೇ ತಾನೆ. ಕೊಳ್ಳುವಾಗ ಡಬ್ಬದ ಹಿಂಬದಿ ಓದಿ: ಸಕ್ಕರೆ ಎಂದು ಮೊದಲು ಬರೆದಿದ್ದರೆ ಅದು ಹಾಲಿಗೆ ಹಾಕಿ ಕುಡಿಯುವ ಪುಡಿ, ಕೇಕಿಗೆ ಬಣ್ಣವೂ ಬರದು, ರುಚಿಯೂ ಬರದು.

ಪ್ರಶ್ನೆ: ತೆಂಗಿನೆಣ್ಣೆ, ಬೆಲ್ಲ ಹಾಕಬಹುದೇ? – ಮಣಿಪಾಲ

ಉತ್ತರ: ಎರಡೂ ಆಗುತ್ತದೆ. ತೆಂಗಿನೆಣ್ಣೆಯ ವಾಸನೆ ಕೊಕೊ ಜೊತೆ ಹೊಂದುತ್ತದೆ, ಕಮಟು ವಾಸನೆ ಬಂದ ಎಣ್ಣೆ ಮಾತ್ರ ಬೇಡ. ಆ ಕೇಕನ್ನು ಫ್ರಿಜ್ಜಿನಲ್ಲಿಟ್ಟರೆ ಎಣ್ಣೆ ಹೆಪ್ಪುಗಟ್ಟಿ ಕೇಕೂ ಗಟ್ಟಿಯಾಗುತ್ತದೆ, ತಿನ್ನುವ ಅರ್ಧ ಗಂಟೆ ಮೊದಲು ಹೊರಗಿಡಿ. ಬೆಲ್ಲವನ್ನು ಅಳತೆಯ ನೀರಿನಲ್ಲೇ ಕರಗಿಸಿ, ಸೋಸಿ, ಪೂರ್ತಿ ಆರಿಸಿ. ಬೆಲ್ಲದಲ್ಲೇ ನೀರಿನಂಶ ಇರುವುದರಿಂದ ಎರಡು ಟೇಬಲ್ ಚಮಚ ನೀರು ಕಡಿಮೆ ಮಾಡಿ. ಅಂಚು ಬೇಗ ಕಪ್ಪಾಗುತ್ತದೆ, 40 ನಿಮಿಷಕ್ಕೇ ಕಡ್ಡಿ ಚುಚ್ಚಿ ನೋಡಿ.

ಪ್ರಶ್ನೆ: ಮಕ್ಕಳಿಗೆ ಯಾವ ಕೆಲಸ ಕೊಡುವುದು? ಮೊಟ್ಟೆ ಇಲ್ಲದ್ದರಿಂದ ಹಸಿ ಹಿಟ್ಟು ನೆಕ್ಕಿದರೆ ತೊಂದರೆಯಿಲ್ಲವಷ್ಟೆ? – ಸುರತ್ಕಲ್

ಉತ್ತರ: ನಾಲ್ಕೈದು ವರ್ಷದವರಿಗೆ ಜರಡಿ ಕೊಡಿ, ಕೆಳಗೊಂದು ಹಳೆಯ ಪೇಪರ್ ಹಾಸಿ. ಕೊಕೊ ಹಾರಿ ಮೂಗಿಗೆ ಹತ್ತುತ್ತದೆ, ಹಾಗಾಗಿ ಜರಡಿಯನ್ನು ತಟ್ಟಲು ಹೇಳಿ, ಬೀಸಲು ಬೇಡ. ಏಳೆಂಟು ವರ್ಷದವರು ಸೋಡಾ ಅಳೆದು ಚಾಕುವಿನ ಬೆನ್ನಿನಿಂದ ಸಮ ಮಾಡಬಲ್ಲರು. ಒಂದು ಚಿಟಿಕೆ ಸೋಡಾ, ಎರಡು ಹನಿ ವಿನೆಗರನ್ನು ಬೇರೆ ತಟ್ಟೆಯಲ್ಲಿ ಬೆರೆಸಿ ತೋರಿಸಿದರೆ ಕಲಸಿದ ಹಿಟ್ಟನ್ನು ಏಕೆ ಹಾಗೇ ಇಡಬಾರದೆಂದು ಅವರೇ ಹೇಳುತ್ತಾರೆ. ಕುಕ್ಕರಿನ ಹತ್ತಿರ ಮಾತ್ರ ಯಾರೂ ಬೇಡ. ವಿಸಿಲ್ ಕೂಗದ ಕುಕ್ಕರ್ ಬಿಸಿಯೆಂದು ಮಕ್ಕಳಿಗೆ ತೋಚುವುದಿಲ್ಲ.

ನೆಕ್ಕುವುದು ಬೇಡ. ಮೈದಾ ಎಂದರೆ ಹಸಿ ಗೋಧಿಯೇ, ಅದರಲ್ಲಿಯೂ ಹೊಟ್ಟೆ ಕೆಡಿಸುವ ರೋಗಾಣು ಇರಬಹುದು, ಬೆಂದ ಮೇಲಷ್ಟೇ ಸಾಯುತ್ತದೆ. ಹಠ ಹಿಡಿದರೆ ಪಾತ್ರೆಯಲ್ಲಿ ಉಳಿದ ಹಿಟ್ಟನ್ನು ಚಿಕ್ಕ ಸ್ಟೀಲ್ ಬಟ್ಟಲಿಗೆ ಬಳಿದು, ದೊಡ್ಡ ಕೇಕ್ ಇಳಿಸಿದ ಮೇಲೆ ಅದೇ ಬಿಸಿ ಕುಕ್ಕರಿನಲ್ಲಿ ಇಡಿ. ಅಷ್ಟು ಹೊತ್ತು ಕೂತ ಹಿಟ್ಟು ಹೆಚ್ಚು ಉಬ್ಬದು, ಆದರೆ ಕಾಲು ಗಂಟೆಯಲ್ಲಿ ಅವರ ಪಾಲು ಅವರ ಕೈಯಲ್ಲಿರುತ್ತದೆ.